ಆನೆಗೊಂದಿ ಸೀಮೆಯ ಥೀಮ್ ಹೋಮ್‌ಸ್ಟೇ ಕನಸು: ಬಣ್ಣ ಆಮೇಲೆ, ಕಾಗದ ಮೊದಲು

ಗಂಗಾವತಿ: ಹರಗೋಲಿನ ಆಕಾರದ ಮಂಚ. ಬಾಗಿಲ ಮೇಲೆ ವಾಲಿ, ಸುಗ್ರೀವ, ಜಾಂಬವಂತ ಅಂತ ಕೋಣೆಗಳ ಹೆಸರು. ಸಗಣಿ ಸಾರಿಸಿದ ನೆಲ, ಬಾಳೆನಾರಿನ ಚಾಪೆ, ಕಿಟಕಿ ಆಚೆ ಭತ್ತದ ಗದ್ದೆ. ಅಪ್ಪ ಗೋಡೆ ಕಟ್ಟೋದು, ಅವ್ವ ರೊಟ್ಟಿ ಬಡಿಯೋದು, ಮಗಳು ಚಿತ್ರ ಬರೆಯೋದು, ಮಗ ಮೊಬೈಲ್‌ನಲ್ಲಿ ಬುಕಿಂಗ್ ನೋಡೋದು. ಆನೆಗೊಂದಿ, ಸಾಣಾಪುರ, ಹನುಮನಹಳ್ಳಿ ಕಡೆ ಒಂದಿಷ್ಟು ಜಾಗ ಇದ್ದ ಮನೆಯಲ್ಲಿ ಇಂಥ ಐಡಿಯಾ ಹುಟ್ಟೋದು ಸಹಜ. ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ವಾಪಸ್ ಬಂದು ಊರಲ್ಲೇ ಏನಾದರೂ ಮಾಡೋಣ ಅಂದಾಗ ಮೊದಲು ಬರೋ ಮಾತೇ ಹೋಮ್‌ಸ್ಟೇ.

ಐಡಿಯಾ ಕೆಟ್ಟದ್ದಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಮಂದಿ ಬರ್ತಾನೇ ಇದ್ದಾರೆ. ಆ ಬೆಟ್ಟದ ಅಭಿವೃದ್ಧಿಗೆ 2022ರ ರಾಜ್ಯ ಬಜೆಟ್‌ನಲ್ಲಿ 100 ಕೋಟಿ ರೂಪಾಯಿ ಘೋಷಣೆ ಆಗಿತ್ತು. ಬಂದವರು ಎಲ್ಲೋ ಒಂದು ಕಡೆ ಮಲಗಬೇಕು, ಉಣ್ಣಬೇಕು. ಆ ರೊಕ್ಕ ದೊಡ್ಡ ರೆಸಾರ್ಟ್‌ಗೆ ಹೋಗೋ ಬದಲು ಒಂದು ಮನೆಗೆ ಹೋದರೆ, ಅದು ಗಂಗಾವತಿಯ ಕಿರಾಣಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಹಾಲಿನವರು, ಆಟೋದವರು ಎಲ್ಲರ ಕೈಗೂ ಸುತ್ತಿ ಬರುತ್ತೆ.

ಆದರೆ ಈ ಕನಸು ಎಡವೋದು ಥೀಮಿನಲ್ಲಿ ಅಲ್ಲ, ಅದನ್ನು ಎಲ್ಲಿ ಕಟ್ಟಿದ್ದಾರೆ ಅನ್ನೋದರಲ್ಲಿ.

ಗಡ್ಡೆ ಕಲಿಸಿದ ಪಾಠ

ವಿರೂಪಾಪುರ ಗಡ್ಡೆಯ ಕಥೆ ತಾಲೂಕಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೊಳೆ ನಡುವಿನ ಆ ಜಾಗದಲ್ಲಿ ಗುಡಿಸಲು, ತೂಗುಮಂಚ, ಬಣ್ಣದ ದೀಪಗಳ ಗೆಸ್ಟ್‌ಹೌಸ್‌ಗಳಿದ್ದವು. ವಿದೇಶಿಗರು ವಾರಗಟ್ಟಲೆ ಉಳೀತಿದ್ದರು. 2015ರಲ್ಲಿ ಹೈಕೋರ್ಟ್ ತೆರವಿನ ಪರ ಆದೇಶ ಕೊಟ್ಟಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು. 1988ರಲ್ಲೇ ಸಂರಕ್ಷಿತ ಪ್ರದೇಶ ಅಂತ ಅಧಿಸೂಚನೆ ಆಗಿದ್ದ ಜಾಗ ಅದು. ಜಮೀನು ಸ್ವಂತದ್ದು ಅನ್ನೋ ವಾದ ಅಲ್ಲಿ ನಿಲ್ಲಲಿಲ್ಲ.

ಇಲ್ಲಿ ನಿಯಮ ಇಷ್ಟು ಬಿಗಿ ಆಗಲು ಕಾರಣವೂ ಇದೆ. ಆನೆಗೊಂದಿ–ತಳವಾರಘಟ್ಟ ಸೇತುವೆ ಕೆಲಸದ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. ಅದರಿಂದ ಹೊರಬಂದದ್ದು 2006ರಲ್ಲಿ. ಆ ನಡುವೆಯೇ 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಹೊಳೆಯ ಈ ಕಡೆಯ ಹಳ್ಳಿಗಳೂ ಅದರ ವ್ಯಾಪ್ತಿಯಲ್ಲಿವೆ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯ ಮತ್ತು ಒಬ್ಬರ ಸಾವಿನ ನಂತರ ಅನುಮತಿ ಇಲ್ಲದ ಹೋಮ್‌ಸ್ಟೇ, ರೆಸಾರ್ಟ್‌ಗಳ ಮೇಲೆ ಮತ್ತೆ ಕಣ್ಣು ಬಿತ್ತು. ತಪ್ಪು ಮಾಡಿದವರು ಯಾರೋ. ಆದರೆ ಕಾಗದ ಸರಿ ಇಲ್ಲದ ಪ್ರತಿ ಮನೆಗೂ ಅದರ ಬಿಸಿ ತಟ್ಟಿತು.

ಲೆಕ್ಕ ಹೀಗಿದೆ

ಉದಾಹರಣೆಗೆ ಮೂರು ಕೋಣೆ ಇಟ್ಕೊಳ್ಳಿ. ಒಂದಕ್ಕೆ ರಾತ್ರಿಗೆ 1,800 ರೂ. ವರ್ಷದಲ್ಲಿ 100 ರಾತ್ರಿ ಮೂರೂ ತುಂಬಿದವು ಅಂದರೆ 5.40 ಲಕ್ಷ. ಇಲ್ಲಿ ಸೀಜನ್ ಅಂದರೆ ಮುಖ್ಯವಾಗಿ ಅಕ್ಟೋಬರ್‌ನಿಂದ ಫೆಬ್ರುವರಿ. ಬೇಸಿಗೆಯ ಬಿಸಿಲಿಗೆ, ಹೊಳೆ ತುಂಬಿದ ದಿನಗಳಿಗೆ ಗಿರಾಕಿ ಕಡಿಮೆ. ಹಾಗಾಗಿ 100 ಅನ್ನೋದು ಸಣ್ಣ ಸಂಖ್ಯೆ ಅಲ್ಲ.

ಊಟ, ಬಟ್ಟೆ ಒಗೆಯೋದು, ಕರೆಂಟ್, ರಿಪೇರಿ, ಬುಕಿಂಗ್ ಆ್ಯಪ್‌ನ ಕಮಿಷನ್ ಸೇರಿ ಶೇ 40 ತೆಗೆದರೆ 2.16 ಲಕ್ಷ ಹೋಯ್ತು. ಹೊಸದಾಗಿ ಕಟ್ಟಲು 12 ಲಕ್ಷ ಸಾಲ ತಂದಿದ್ದರೆ, ಶೇ 11ರ ಬಡ್ಡಿಗೆ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 20,500 ರೂ., ಅಂದರೆ ವರ್ಷಕ್ಕೆ 2.46 ಲಕ್ಷ. ಕೈಯಲ್ಲಿ ಉಳಿಯೋದು 78 ಸಾವಿರ. ಇಡೀ ಮನೆ ವರ್ಷಪೂರ್ತಿ ದುಡಿದದ್ದಕ್ಕೆ ತಿಂಗಳಿಗೆ 6,500 ರೂ. ಬಿದ್ದಂಗಾಯ್ತು.

ಅದೇ ಕುಟುಂಬ ಇದ್ದ ಹಳೇ ಮನೆಯನ್ನೇ ರಿಪೇರಿ ಮಾಡಿ, ಚಿತ್ರ–ಚಾಪೆ ತಾವೇ ಮಾಡಿಕೊಂಡು ಸಾಲವನ್ನು 5 ಲಕ್ಷಕ್ಕೆ ನಿಲ್ಲಿಸಿದರೆ? ಕಂತು ವರ್ಷಕ್ಕೆ ಸುಮಾರು 1.03 ಲಕ್ಷಕ್ಕೆ ಇಳಿಯುತ್ತೆ. ಉಳಿಕೆ 2.21 ಲಕ್ಷ. ಗಿರಾಕಿ ಅಷ್ಟೇ, ಬಾಡಿಗೆ ಅಷ್ಟೇ, ವ್ಯತ್ಯಾಸ ಇರೋದು ಸಾಲದಲ್ಲಿ ಮಾತ್ರ. ಅನುಮತಿ ತಕರಾರಿನಿಂದ ಒಂದು ಸೀಜನ್ ಬಾಗಿಲು ಮುಚ್ಚಿದರೂ ಬ್ಯಾಂಕಿನ ಕಂತು ನಿಲ್ಲಲ್ಲ ಅನ್ನೋದು ನೆನಪಿರಲಿ.

ಈ ಲೆಕ್ಕದಲ್ಲಿ ಮನೆಯ ಹೆಣ್ಣುಮಕ್ಕಳ ಕೂಲಿ ಎಲ್ಲೂ ಬಂದಿಲ್ಲ. ಬೆಳಗ್ಗೆ ಉಪ್ಪಿಟ್ಟಿನಿಂದ ರಾತ್ರಿ ಹಾಸಿಗೆವರೆಗೆ ಕೆಲಸ ಅವರದೇ. ಅದನ್ನು ಮೊದಲೇ ಕೂತು ಮಾತಾಡದ ಮನೆಯಲ್ಲಿ ಎರಡನೇ ವರ್ಷಕ್ಕೇ ಬೇಸರ ಶುರುವಾಗುತ್ತೆ.

ಮೊದಲು ಕೇಳಬೇಕಾದ್ದು

ಅಡಿಪಾಯ ತೆಗೆಯೋ ಮೊದಲು ಪಹಣಿ ಹಿಡಿದು ಹಂಪಿ ಪ್ರಾಧಿಕಾರಕ್ಕೆ ಹೋಗಿ, ಆ ಸರ್ವೆ ನಂಬರ್ ಯಾವ ವಲಯದಲ್ಲಿದೆ, ಅಲ್ಲಿ ಏನು ಮಾಡಬಹುದು ಅಂತ ಬರಹದಲ್ಲಿ ಕೇಳಬೇಕು. ಕೃಷಿ ಜಮೀನಾದರೆ ಭೂ ಪರಿವರ್ತನೆ ಬೇಕು. ಗ್ರಾಮ ಪಂಚಾಯಿತಿ, ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಠಾಣೆಯ ಕಾಗದಗಳು ಬೇರೆ. ಹಳೇ ಮನೆ ಅಂತ ಅನುಮತಿ ತಪ್ಪಲ್ಲ.

ಹೋಮ್‌ಸ್ಟೇ ಅಂದರೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು. ಕೇಂದ್ರದ ಮಾರ್ಗಸೂಚಿ ಪ್ರಕಾರ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ವಿದೇಶಿಗರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಮಂದಿ ಇದನ್ನು ಸಿ ಫಾರ್ಮ್ ಅಂತಾರೆ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಆ್ಯಪ್ ಮೂಲಕ ಬುಕ್ ಆದರೆ ತೆರಿಗೆಯನ್ನು ಆ್ಯಪ್‌ನವರೇ ಹಿಡೀತಾರೆ.

ಹಳೇ ಮನೆಯೇ ಥೀಮ್

ಆನೆಗೊಂದಿಯಲ್ಲೇ ಮಾದರಿ ಇದೆ. ದಿ ಕಿಷ್ಕಿಂದ ಟ್ರಸ್ಟ್ ವರ್ಷಗಳಿಂದ ಬಾಳೆನಾರಿನ ಕರಕುಶಲ ಕೆಲಸ, ಹಳೇ ಮನೆಗಳ ಉಳಿವು ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಬಂದಿದೆ. ಮಣ್ಣಿನ ಗೋಡೆ, ಮರದ ಕಂಬ, ಕಟ್ಟೆ ಇರೋ ಮನೆ ಊರಲ್ಲಿ ಈಗಲೂ ಇವೆ. ಅವನ್ನು ಕೆಡವಿ ಆರ್‌ಸಿಸಿ ಹಾಕಿ, ಮತ್ತೆ ಅದರ ಮೇಲೆ ಮಣ್ಣಿನ ಬಣ್ಣ ಬಳಿದು ಹಳ್ಳಿ ಥೀಮ್ ಅನ್ನೋದರಲ್ಲಿ ಅರ್ಥ ಇಲ್ಲ.

ಜಿಲ್ಲಾಡಳಿತದ ಕೆಲಸವೂ ಇಲ್ಲೇ ಬಾಕಿ ಇದೆ. ಗದ್ದೆಯಲ್ಲಿ ಹೊಸ ಕಟ್ಟಡ ಬೇಡ ಅನ್ನೋದು ಸರಿ. ಆದರೆ ವಾಸದ ಮನೆಯಲ್ಲಿ ಎರಡು–ಮೂರು ಕೋಣೆ ಬಾಡಿಗೆಗೆ ಕೊಡೋ ಕುಟುಂಬಕ್ಕೆ ಯಾವ ಕಾಗದ, ಯಾವ ಕಚೇರಿ, ಎಷ್ಟು ದಿನ ಅಂತ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಪ್ರತಿ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಇದು ಇಲ್ಲದಿದ್ದರೆ ವಕೀಲರನ್ನು ಇಟ್ಟುಕೊಳ್ಳೋ ಶಕ್ತಿ ಇರೋ ದೊಡ್ಡವರು ಉಳೀತಾರೆ, ಸಾಲ ಮಾಡಿದ ಸಣ್ಣವರು ಪ್ರತಿ ತಪಾಸಣೆಗೂ ಬಾಗಿಲು ಮುಚ್ಚುತ್ತಾರೆ. ಅವರಿಗೆ ಉದ್ರಿ ಕೊಟ್ಟ ಸಿಮೆಂಟ್ ಅಂಗಡಿ, ಕಿರಾಣಿ ಅಂಗಡಿಯ ಬಾಕಿಯೂ ಅಲ್ಲೇ ನಿಲ್ಲುತ್ತೆ.