ಕೇಳುವುದಾದರೆ ನಮ್ಮನ್ನೂ ಕೇಳಿ

ನಮ್ಮ ಬಡಾವಣೆಯ ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬಳ ಜೊತೆ ಎರಡು ವರ್ಷ ತಾಲ್ಲೂಕು ನ್ಯಾಯಾಲಯಕ್ಕೆ ಓಡಾಡಿದೆ. ವರದಕ್ಷಿಣೆಯ ಬಾಕಿಗಾಗಿ ಹೊಡೆತ ತಿಂದು ತವರಿಗೆ ಬಂದಿದ್ದಳು. ಪುಕ್ಕಟೆ ವಕೀಲರು ಸಿಕ್ಕರು, ನಿಜ. ಆದರೆ ಮೂರು ಸಲ ವಕೀಲರು ಬದಲಾದರು. ಪ್ರತಿ ಸಲವೂ ಅವಳು ತನ್ನ ಗೋಳನ್ನು ಮೊದಲಿನಿಂದ ಹೇಳಬೇಕಾಯಿತು. ಒಬ್ಬರಂತೂ ಕಾಗದ ಬಿಚ್ಚುವ ಮೊದಲೇ "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎಂದರು. ನಾನು ರೇಗಿದಾಗ ಅವಳೇ ನನ್ನನ್ನು ಸಮಾಧಾನ ಮಾಡಿದಳು: "ಬಿಡಿ ಮೇಡಂ, ಪುಕ್ಕಟೆ ಕೊಟ್ಟವರನ್ನು ಏನು ಕೇಳೋದು?"

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಮಾತನ್ನು ನಾವು ಅಷ್ಟು ಚೆನ್ನಾಗಿ ಕಲಿತಿದ್ದೇವೆ. ಆದರೆ ಗೆಳತಿಯರೇ, ಇದು ದಾನವಲ್ಲ, ಹಕ್ಕು. ಉಚಿತ ಕಾನೂನು ನೆರವಿನ ಮಾತು 1976ರ ತಿದ್ದುಪಡಿಯಿಂದ ಸಂವಿಧಾನದ 39ಎ ವಿಧಿಯಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಸೆಕ್ಷನ್ ಪ್ರಕಾರ ಹೆಣ್ಣಿಗೆ ಆದಾಯದ ಮಿತಿಯೇ ಇಲ್ಲ. ಹಿಂಸೆಗೊಳಗಾದವಳಿಗೆ ಈ ಹಕ್ಕನ್ನು ತಿಳಿಸುವುದು ಪೊಲೀಸರ ಕರ್ತವ್ಯವೆಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೇಳುತ್ತದೆ.

ಹಾಗಾದರೆ ಕೊರತೆ ಎಲ್ಲಿ? ಲೋಕ ಅದಾಲತ್ತನ್ನೇ ನೋಡಿ. ರಾಜಿಗೆ ಅವಕಾಶವಿಲ್ಲದ ಅಪರಾಧಗಳನ್ನು ಅಲ್ಲಿ ತೀರ್ಮಾನಿಸುವಂತಿಲ್ಲ. ಜೀವನಾಂಶದಂಥ ವ್ಯಾಜ್ಯಗಳು ಬರುತ್ತವೆ. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಒಮ್ಮೆ ಸಹಿ ಬಿದ್ದರೆ ಮುಗಿಯಿತು. ಎರಡೂ ಕಡೆಯ ಒಪ್ಪಿಗೆ ಬೇಕು ಎನ್ನುತ್ತದೆ ಕಾನೂನು. ಆದರೆ ಎದುರಿಗೆ ಗಂಡ, ಮಾವ, ಊರಿನ ಹಿರಿಯರು ಕೂತಿರುವಾಗ ತಲೆ ಅಲ್ಲಾಡಿಸಿದ್ದು ಒಪ್ಪಿಗೆಯೋ, ಭಯವೋ?

ಈ ಕಾಯ್ದೆಗೆ 1994ರಲ್ಲಿ, 2002ರಲ್ಲಿ ತಿದ್ದುಪಡಿಗಳಾದವು. ಆಗ ನಮ್ಮ ಸಂಘಗಳನ್ನು ಯಾರಾದರೂ ಬಂದು ಕೇಳಿದ ನೆನಪು ನನಗಿಲ್ಲ. ಕರಡು ಮಸೂದೆಯನ್ನು ಸರಳ ಭಾಷೆಯ ವಿವರಣೆಯೊಡನೆ ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ನೀತಿ ಮಾಡಿತು. 30 ದಿನವೆಂದರೆ ನಮ್ಮ ಸಂಘದ ನಾಲ್ಕು ವಾರದ ಸಭೆಗಳು. ಇಂಗ್ಲಿಷಿನ ಪ್ರಕಟಣೆ ಹಳ್ಳಿಗೆ ಮುಟ್ಟುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ.

"ಕಾನೂನು ತಿದ್ದುವುದು ತಜ್ಞರ ಕೆಲಸ, ಓದು ಬಾರದವರಿಗೆ ಏನು ತಿಳಿದೀತು?" ಎಂದು ನನ್ನ ಹಳೆಯ ಸಹೋದ್ಯೋಗಿಗಳೇ ಕೇಳುತ್ತಾರೆ. ಚಪ್ಪಲಿ ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿದವಳಿಗೇ ಗೊತ್ತು. ತಜ್ಞರು ಹೊಲಿಯಲಿ, ಅಳತೆ ನಮ್ಮದಿರಲಿ.

ಆದ್ದರಿಂದ ಯಾರಾದರೂ ಕೇಳಲಿ ಎಂದು ಕಾಯುವುದು ಬೇಡ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕಿಡಿ. ಮೊದಲಿಂದ ಕೊನೆಯತನಕ ಒಬ್ಬರೇ ವಕೀಲರು. ಬೇಡವಾದರೆ ಬದಲಿಸಿಕೊಳ್ಳುವ ಹಕ್ಕು ನಮ್ಮದು. ರಾಜಿಗೆ ಮುನ್ನ ಹೆಣ್ಣಿನೊಡನೆ ಏಕಾಂತದಲ್ಲಿ ಮಾತು, ಯೋಚಿಸಲು ಕಾಲಾವಕಾಶ. ಹೋದ ದಿನದ ಕೂಲಿಗೆ ಪರಿಹಾರ. ಕಾಯ್ದೆ ತಿದ್ದುವ ಮುನ್ನ ಕನ್ನಡದಲ್ಲಿ, ತಾಲ್ಲೂಕು ಮಟ್ಟದಲ್ಲಿ ಸಭೆ. ಇದು ನನ್ನ ಪಟ್ಟಿ. ನಿಮ್ಮದನ್ನು ಸೇರಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೂ ನಿಮ್ಮ ಸಂಸದರಿಗೂ ಕಳಿಸಿ.

ನನ್ನ ಜೊತೆ ಓಡಾಡಿದ ಆ ಹೆಣ್ಣುಮಗಳು ಈಗ ಸಂಘದ ಲೆಕ್ಕ ಬರೆಯುತ್ತಾಳೆ. ನಮ್ಮ ನಿರ್ಣಯದ ಮೊದಲ ಸಾಲು ಅವಳದೇ: "ಪುಕ್ಕಟೆ ಎಂದು ನಮ್ಮನ್ನು ಬಾಯಿ ಮುಚ್ಚಿಸಬೇಡಿ."