ನೀಟ್ ಆಗದಿದ್ದರೆ ಫಾರ್ಮಸಿ ಇದ್ದೇ ಇದೆ ಅನ್ನುವವರು ಮೊದಲು ಈ ಲೆಕ್ಕ ನೋಡಲಿ

ಭಟ್ಕಳ/ಹೊನ್ನಾವರ/ಕುಮಟಾ: ಪಿಯು ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಮಾಮೂಲಾಗಿದೆ. 'ನೀಟ್‌ನಲ್ಲಿ ಆಗದಿದ್ರೆ ಫಾರ್ಮಸಿ ಮಾಡಿಸಿದ್ರಾಯ್ತು, ಒಂದು ಮೆಡಿಕಲ್ ಶಾಪ್ ಆದ್ರೂ ಹಾಕ್ಕೊಳ್ತಾನೆ.' ಹೇಳೋದು ಸುಲಭ. ಆದರೆ ಈ ಮಾತಿನಲ್ಲಿ ಎರಡು ತಪ್ಪು ಇದೆ. ಕರ್ನಾಟಕದಲ್ಲಿ ಬಿ.ಫಾರ್ಮ್ ಸೀಟಿಗೆ ನೀಟ್ ಅಂಕ ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ನಡೆಯುವುದು ಸಿಇಟಿ. ಇನ್ನು ಬರೀ ಅಂಗಡಿ ಹಾಕುವುದೇ ಗುರಿಯಾದರೆ ನಾಲ್ಕು ವರ್ಷದ ಪದವಿಯೇ ಬೇಕೆಂದಿಲ್ಲ.

ಈ ಎರಡು ವಿಷಯ ಗೊತ್ತಾಗುವ ಹೊತ್ತಿಗೆ ಹೆಚ್ಚಿನವರಿಗೆ ತಡವಾಗಿರುತ್ತದೆ. ಎರಡು ವರ್ಷ ನೀಟ್ ಕೋಚಿಂಗ್‌ಗೆ ದುಡ್ಡು ಸುರಿದು, ಸಿಇಟಿಯನ್ನು 'ಹೋಗಿ ಬರೆದು ಬಾ' ಅಂತ ಬರೆಸಿದ ಮನೆಯವರು ಕೊನೆಗೆ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಹುಡುಕುತ್ತಾರೆ.

ಮೂರು ಕೋರ್ಸು, ಮೂರು ದಾರಿ

ಫಾರ್ಮಸಿ ಅಂದರೆ ಒಂದೇ ಕೋರ್ಸ್ ಅಲ್ಲ.

ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಜೊತೆಗೆ 500 ಗಂಟೆಯ ಪ್ರಾಯೋಗಿಕ ತರಬೇತಿ ಮಾಡಬೇಕು. ಇದಕ್ಕೆ ಸಿಇಟಿ ಇಲ್ಲ, ಪಿಯು ವಿಜ್ಞಾನದ ಅಂಕವೇ ಆಧಾರ. ಪಾಸಾಗಿ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆದರೆ ಅವರು ನೋಂದಾಯಿತ ಫಾರ್ಮಸಿಸ್ಟ್. ಚಿಲ್ಲರೆ ಔಷಧಿ ಅಂಗಡಿಗೆ ಇಷ್ಟು ಸಾಕು. ಡಿಪ್ಲೊಮಾ ಮುಗಿಸಿದವರಿಗೆ ನೋಂದಣಿಗೆ ಮೊದಲು ಎಕ್ಸಿಟ್ ಪರೀಕ್ಷೆ ಇರಬೇಕೆಂದು ಭಾರತೀಯ ಫಾರ್ಮಸಿ ಕೌನ್ಸಿಲ್, ಅಂದರೆ ಪಿಸಿಐ, 2022ರಲ್ಲಿ ನಿಯಮ ತಂದಿದೆ. ಹಾಗಾಗಿ 'ಡಿಪ್ಲೊಮಾ ಅಲ್ವಾ, ಹೇಗೋ ಪಾಸಾಗ್ತಾನೆ' ಅನ್ನುವ ಧೈರ್ಯ ಬೇಡ.

ಬಿ.ಫಾರ್ಮ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅಂಗಡಿಯ ಜೊತೆಗೆ ಔಷಧ ಕಂಪನಿಯ ಉತ್ಪಾದನೆ, ಗುಣಮಟ್ಟ ಪರೀಕ್ಷೆ, ಮಾರಾಟ ವಿಭಾಗಗಳಿಗೂ ಇದು ಬಾಗಿಲು ತೆರೆಯುತ್ತದೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿಯೇ ಬೇಕು, ಡಿಪ್ಲೊಮಾ ನಡೆಯುವುದಿಲ್ಲ. ಮುಂದೆ ಎಂ.ಫಾರ್ಮ್ ಓದುವವರಿಗೆ ಜಿಪ್ಯಾಟ್ ಮತ್ತು ರಾಜ್ಯದ ಪಿಜಿಸಿಇಟಿ ಇದೆ.

ಫಾರ್ಮ್.ಡಿ ಆರು ವರ್ಷ. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ದೇಶದಲ್ಲಿ ಇದು ಶುರುವಾಗಿದ್ದು 2008ರಲ್ಲಿ. ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರ ಜೊತೆ ರೌಂಡ್ಸ್ ಹೋಗಿ, ರೋಗಿಗೆ ಕೊಡುವ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ, ಪ್ರಮಾಣ ಸರಿ ಇದೆಯೇ ಎಂದು ನೋಡುವ ಕೆಲಸಕ್ಕೆ ರೂಪಿಸಿದ ಕೋರ್ಸ್. ಹೆಸರಿನ ಮುಂದೆ 'ಡಾ.' ಬರುತ್ತದೆ ಎಂಬ ಆಸೆಗೆ ಸೇರುವವರಿದ್ದಾರೆ. ಆದರೆ ಇದು ಎಂಬಿಬಿಎಸ್ ಅಲ್ಲ, ಔಷಧಿ ಬರೆದುಕೊಡುವ ಅಧಿಕಾರ ಇದರಿಂದ ಬರುವುದಿಲ್ಲ. ಇಂಥ ಕೆಲಸ ಇರುವುದು ಹೆಚ್ಚಾಗಿ ಮಣಿಪಾಲ, ಮಂಗಳೂರು, ಬೆಂಗಳೂರಿನಂಥ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ. ಆರು ವರ್ಷ ಓದಿ ಊರಲ್ಲೇ ಇರಬೇಕು ಅನ್ನುವವರು ಎರಡು ಸಲ ಯೋಚಿಸಬೇಕು.

ಇನ್ನೊಂದು ಮಧ್ಯದ ದಾರಿಯೂ ಇದೆ. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಪಡೆಯಬಹುದು. ಮನೆಯ ಪರಿಸ್ಥಿತಿ ಸರಿ ಇಲ್ಲ, ಬೇಗ ದುಡಿಮೆ ಶುರುವಾಗಬೇಕು ಅನ್ನುವವರಿಗೆ ಇದು ಒಳ್ಳೆಯ ಆಯ್ಕೆ.

ಸಿಇಟಿಯ ಅರ್ಧ, ಪಿಯುವಿನ ಅರ್ಧ

ಬಿ.ಫಾರ್ಮ್ ಮತ್ತು ಫಾರ್ಮ್.ಡಿ ರ‍್ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಮೂರನೆಯದು ಗಣಿತ ಅಥವಾ ಜೀವಶಾಸ್ತ್ರ. ಅಂದರೆ ಪಿಯುನಲ್ಲಿ ಜೀವಶಾಸ್ತ್ರ ತಗೊಳ್ಳದ ಮಕ್ಕಳಿಗೂ ದಾರಿ ಇದೆ. ಅವರಿಗೆ ಬಿ.ಫಾರ್ಮ್ ಮೊದಲ ಸೆಮಿಸ್ಟರ್‌ನಲ್ಲಿ ಜೀವಶಾಸ್ತ್ರದ ಪೂರಕ ಪಾಠ ಇರುತ್ತದೆ. ಗಣಿತ ಓದದವರಿಗೆ ಗಣಿತದ ಪೂರಕ ಪಾಠ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ರ‍್ಯಾಂಕ್ ಲೆಕ್ಕದಲ್ಲಿ ಸಿಇಟಿಗೆ ಅರ್ಧ, ದ್ವಿತೀಯ ಪಿಯುವಿನ ಅದೇ ಮೂರು ವಿಷಯಗಳ ಅಂಕಕ್ಕೆ ಇನ್ನರ್ಧ.

ಇದನ್ನು ಒಂದು ಉದಾಹರಣೆಯಲ್ಲಿ ನೋಡಿ. ಒಬ್ಬ ಹುಡುಗನಿಗೆ ಪಿಯು ಮೂರು ವಿಷಯದಲ್ಲಿ 300ಕ್ಕೆ 270, ಅಂದರೆ ಶೇ. 90. ಸಿಇಟಿಯಲ್ಲಿ 180ಕ್ಕೆ 72, ಅಂದರೆ ಶೇ. 40. ಎರಡರ ಅರ್ಧ ಸೇರಿಸಿದರೆ 65. ಅದೇ ಕ್ಲಾಸಿನ ಹುಡುಗಿಗೆ ಪಿಯುನಲ್ಲಿ 240, ಅಂದರೆ ಶೇ. 80 ಮಾತ್ರ. ಆದರೆ ಸಿಇಟಿಯಲ್ಲಿ 108, ಅಂದರೆ ಶೇ. 60. ಅವಳ ಲೆಕ್ಕ 70. ಊರಲ್ಲಿ ಬ್ಯಾನರ್ ಬೀಳೋದು ಹುಡುಗನಿಗೆ, ಸೀಟು ಮೊದಲು ಸಿಗೋದು ಹುಡುಗಿಗೆ.

ನಮ್ಮ ಭಾಗದ ಕಾಲೇಜುಗಳಲ್ಲಿ ಪಿಯು ಅಂಕ ಚೆನ್ನಾಗಿಯೇ ಬರುತ್ತದೆ. ಸಿಇಟಿ ಎಂದರೆ ಎಂಜಿನಿಯರಿಂಗ್‌ನವರ ಪರೀಕ್ಷೆ ಎಂದು ಜೀವಶಾಸ್ತ್ರದ ಮಕ್ಕಳು ತಿಳಿದುಕೊಂಡರೆ ಪೆಟ್ಟು ಬೀಳುವುದು ಅಲ್ಲೇ.

ಓದುವುದು ಹೇಗೆ

ನೀಟ್‌ಗೆ ಓದಿದ್ದು ವ್ಯರ್ಥ ಆಗುವುದಿಲ್ಲ, ಪಠ್ಯ ಹೆಚ್ಚುಕಮ್ಮಿ ಅದೇ. ಆದರೆ ಪರೀಕ್ಷೆ ಬರೆಯುವ ರೀತಿ ಬೇರೆ. ನೀಟ್‌ನಲ್ಲಿ ಗೊತ್ತಿಲ್ಲದ ಪ್ರಶ್ನೆ ಮುಟ್ಟಬೇಡ ಎಂದು ಹೇಳಿಕೊಡುತ್ತಾರೆ, ಯಾಕೆಂದರೆ ತಪ್ಪಾದರೆ ಅಂಕ ಹೋಗುತ್ತದೆ. ಸಿಇಟಿಯಲ್ಲಿ ಅದೇ ಅಭ್ಯಾಸ ಇಟ್ಟುಕೊಂಡು 15 ಪ್ರಶ್ನೆ ಖಾಲಿ ಬಿಟ್ಟರೆ ಅಷ್ಟೂ ನಷ್ಟ. ನಾಲ್ಕು ಆಯ್ಕೆಯಲ್ಲಿ ಒಂದು ಸರಿ ಅಂದಾಗ ಸುಮ್ಮನೆ ಗುರುತು ಹಾಕಿದರೂ ಸರಾಸರಿ ಮೂರು ನಾಲ್ಕು ಅಂಕ ಬರುತ್ತದೆ. ಸಿಇಟಿಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಎರಡನೆಯದು ಸಮಯ. 60 ಪ್ರಶ್ನೆಗೆ 80 ನಿಮಿಷ ಎಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಜೀವಶಾಸ್ತ್ರದಲ್ಲಿ ಇದು ಸಾಕಷ್ಟಾಯಿತು. ಭೌತಶಾಸ್ತ್ರದ ಲೆಕ್ಕಗಳಿಗೆ ಸಾಲುವುದಿಲ್ಲ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು, ಓಎಂಆರ್ ಹಾಳೆಯಲ್ಲಿ ಗುರುತು ಹಾಕುತ್ತಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು. ಹಳೆಯ ಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ, ವೆಬ್‌ಸೈಟಿನಲ್ಲೇ ಸಿಗುತ್ತವೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಮೂರನೆಯದು ಪ್ರಥಮ ಪಿಯು. ಅದರ ಅಂಕ ರ‍್ಯಾಂಕ್‌ಗೆ ಬರುವುದಿಲ್ಲ ಎಂದು ಮಕ್ಕಳು ಪುಸ್ತಕವನ್ನೇ ಮಡಚಿಡುತ್ತಾರೆ. ಆದರೆ ಸಿಇಟಿ ಪ್ರಶ್ನೆ ಎರಡೂ ವರ್ಷದ ಪಾಠದಿಂದ ಬರುತ್ತದೆ.

ಯಾವ ಪಾಠ ಇದೆ, ಯಾವುದು ತೆಗೆದಿದ್ದಾರೆ ಎಂಬುದೂ ಮುಖ್ಯ. 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗದ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗಲಾಟೆ ಆಗಿತ್ತು. ಕೊನೆಗೆ 50 ಪ್ರಶ್ನೆ ಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಅಣ್ಣನ ಹಳೆಯ ಗೈಡ್ ಹಿಡಿದು ಓದುವವರು ಈ ವರ್ಷದ ಪಠ್ಯಕ್ರಮದ ಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಲಿ.

ಫಾರ್ಮಸಿಗೆ ಹೋಗುವವರು ಹೆಚ್ಚು ಹೊತ್ತು ಕೊಡಬೇಕಾದ್ದು ರಸಾಯನಶಾಸ್ತ್ರಕ್ಕೆ. ರ‍್ಯಾಂಕ್‌ಗೂ ಬೇಕು, ಮುಂದೆ ನಾಲ್ಕು ವರ್ಷವೂ ಅದೇ ಬೆನ್ನಿಗಿರುತ್ತದೆ. ಸಾವಯವ ರಸಾಯನಶಾಸ್ತ್ರ ಕಂಡರೆ ಆಗದ ಮಗುವನ್ನು ಫಾರ್ಮಸಿಗೆ ಸೇರಿಸುವುದು ಈಜು ಬಾರದವನನ್ನು ದೋಣಿಗೆ ಕಳಿಸಿದ ಹಾಗೆ.

ಕಾಗದಪತ್ರ ಮತ್ತು ಕಾಲೇಜು

ರ‍್ಯಾಂಕ್ ಬಂದರೂ ಕಾಗದ ಸರಿ ಇಲ್ಲದೆ ಸೀಟು ತಪ್ಪಿಸಿಕೊಂಡವರಿದ್ದಾರೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಮಂಕಿ, ಹಳದೀಪುರ, ಮಿರ್ಜಾನ್, ಶಿರಾಲಿ ಕಡೆಯ ಸರ್ಕಾರಿ ಶಾಲೆಯ ಮಕ್ಕಳು ಹೆಚ್ಚಾಗಿ ಇದರಲ್ಲಿ ಬರುತ್ತಾರೆ. ಆದರೆ ಓದಿದ ಊರು ಗ್ರಾಮ ಪಂಚಾಯಿತಿಯೋ ಪಟ್ಟಣ ಪಂಚಾಯಿತಿಯೋ ಎಂದು ಮೊದಲೇ ನೋಡಿಕೊಳ್ಳಬೇಕು. ಅರ್ಜಿ ತುಂಬುವಾಗಲೇ ಕೋಟಾ ಕೇಳಬೇಕು, ಆಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನಾಡಕಚೇರಿಯಲ್ಲಿ ಮುಂಚೆಯೇ ವಿಚಾರಿಸಿಕೊಳ್ಳಲಿ.

ಕಾಲೇಜು ವಿಷಯಕ್ಕೆ ಬಂದರೆ ಇಲ್ಲಿಯ ಮಕ್ಕಳ ಮುಂದಿರುವ ದಾರಿ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಘಟ್ಟದ ಮೇಲೆ ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗ. ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜು ಇದೆ. ಅಲ್ಲಿ ಶುಲ್ಕ ಕಡಿಮೆ, ಆದ್ದರಿಂದ ಪೈಪೋಟಿ ಜಾಸ್ತಿ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಅದರದ್ದೇ ಪ್ರವೇಶ ಪರೀಕ್ಷೆ, ಎಂಇಟಿ, ಬರೆಯಬೇಕು. ಅಲ್ಲಿಯ ಶುಲ್ಕದ ಲೆಕ್ಕವೇ ಬೇರೆ.

ಭಟ್ಕಳದಿಂದ ರೈಲಿನಲ್ಲಿ ಹೋಗಿ ಬರಬಹುದು ಎಂದು ಲೆಕ್ಕ ಹಾಕುವವರು ಒಂದು ಗಮನಿಸಬೇಕು. ಬಿ.ಫಾರ್ಮ್‌ನಲ್ಲಿ ಪ್ರತಿ ವಿಷಯಕ್ಕೂ ಶೇ. 80 ಹಾಜರಾತಿ ಬೇಕು, ಪ್ರಯೋಗಾಲಯ ಸಂಜೆವರೆಗೂ ಇರುತ್ತದೆ. ಹಾಗಾಗಿ ಕಾಲೇಜು ಶುಲ್ಕದ ಜೊತೆಗೆ ನಾಲ್ಕು ವರ್ಷದ ಹಾಸ್ಟೆಲ್ ಖರ್ಚನ್ನೂ ಈಗಲೇ ಕೂಡಿಸಿ ನೋಡಬೇಕು.

ಏಜೆಂಟರ ಮಾತು ಕೇಳಿ ಸೀಟು ಹಿಡಿಯುವ ಮೊದಲು ಆ ಕಾಲೇಜಿಗೆ, ಆ ಕೋರ್ಸ್‌ಗೆ, ಆ ವರ್ಷಕ್ಕೆ ಪಿಸಿಐ ಅನುಮೋದನೆ ಇದೆಯೇ ಎಂದು ಪಿಸಿಐ ವೆಬ್‌ಸೈಟಿನಲ್ಲಿ ನೋಡಬೇಕು. ಅನುಮೋದನೆ ಇಲ್ಲದ ಕಾಲೇಜಿನ ಸರ್ಟಿಫಿಕೇಟ್‌ಗೆ ನೋಂದಣಿ ಆಗುವುದಿಲ್ಲ. 'ಕಾಲೇಜಿಗೆ ಹೋಗೋದೇ ಬೇಡ, ಪರೀಕ್ಷೆಗೆ ಹೋದ್ರೆ ಸಾಕು' ಎಂದು ಹೊರರಾಜ್ಯದ ಡಿ.ಫಾರ್ಮ್ ತೋರಿಸುವವರನ್ನು ಬಾಗಿಲಿನಿಂದಲೇ ಕಳಿಸಿ. ಫಾರ್ಮಸಿಯಲ್ಲಿ ದೂರಶಿಕ್ಷಣ ಇಲ್ಲ.

ಅಂಗಡಿಯವರ ಲೆಕ್ಕ

ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾತಾಡದ ವಿಷಯ ಸರ್ಟಿಫಿಕೇಟ್ ಬಾಡಿಗೆ. ಅಂಗಡಿ ಒಬ್ಬರದ್ದು, ಗೋಡೆಯ ಮೇಲಿನ ಫಾರ್ಮಸಿಸ್ಟ್ ಹೆಸರು ಇನ್ನೊಬ್ಬರದ್ದು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಆಯಿತು, ಆ ವ್ಯಕ್ತಿ ಅಂಗಡಿಗೆ ಕಾಲಿಡುವುದೂ ಇಲ್ಲ.

1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧಿ ಕೊಡುವುದು ಅಪರಾಧ, ಜೈಲು ಶಿಕ್ಷೆಗೂ ಅವಕಾಶ ಇದೆ. ತಪಾಸಣೆ ಆದರೆ ಅಂಗಡಿಯ ಲೈಸೆನ್ಸ್‌ಗೂ ಕುತ್ತು, ಬಾಡಿಗೆಗೆ ಕೊಟ್ಟವರ ನೋಂದಣಿಗೂ ಕುತ್ತು. ಓದಿ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟು ಬೇರೆ ಕೆಲಸ ಮಾಡ್ತೇನೆ ಎಂದುಕೊಂಡು ಈ ಕೋರ್ಸ್ ಸೇರುವವರು ಇದನ್ನು ತಿಳಿದಿರಬೇಕು.

ಹೊಸದಾಗಿ ಅಂಗಡಿ ಹಾಕಲು ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಸರ್ಕಾರ ಬೆಲೆ ನಿಗದಿ ಮಾಡಿದ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಯ ಲಾಭಾಂಶ ಶೇ. 16. ಅದರಲ್ಲೇ ಬಾಡಿಗೆ, ಕರೆಂಟು, ಫ್ರಿಜ್, ಅವಧಿ ಮುಗಿದ ಮಾಲು, ಉದ್ರಿ ಎಲ್ಲ ನಡೆಯಬೇಕು. ಅದರ ಮೇಲೆ ಆನ್‌ಲೈನ್‌ನವರ ರಿಯಾಯಿತಿ. ಆದ್ದರಿಂದ ಮನೆಯಲ್ಲೇ ಒಬ್ಬರು ಫಾರ್ಮಸಿಸ್ಟ್ ಇದ್ದು, ಅವರೇ ಕೌಂಟರಿನಲ್ಲಿ ಕೂರುವ ಅಂಗಡಿಗಳು ಉಳಿದುಕೊಳ್ಳುತ್ತವೆ. ಸಗಟು ವ್ಯಾಪಾರದ ನಿಯಮ ಬೇರೆ. ಅಲ್ಲಿ ಪದವಿ ಜೊತೆ ಔಷಧ ವ್ಯಾಪಾರದಲ್ಲಿ ಒಂದು ವರ್ಷದ ಅನುಭವ ಇದ್ದವರೂ ಜವಾಬ್ದಾರಿ ಹೊರಬಹುದು.

ಗಲ್ಫ್ ದಾರಿ

ಭಟ್ಕಳದ ಮನೆಗಳಲ್ಲಿ ಫಾರ್ಮಸಿ ಅಂದ ಕೂಡಲೇ ದುಬೈ, ಸೌದಿ ನೆನಪಾಗುತ್ತದೆ. ಅಲ್ಲಿ ಕೆಲಸ ಇದೆ, ಆದರೆ ಪದವಿ ಸರ್ಟಿಫಿಕೇಟ್ ತೋರಿಸಿದರೆ ಸಾಲದು. ಆ ದೇಶದ ಲೈಸೆನ್ಸ್ ಪರೀಕ್ಷೆ ಬರೆಯಬೇಕು, ದಾಖಲೆಗಳನ್ನು ಕಾಲೇಜಿನವರೆಗೂ ಹೋಗಿ ಪರಿಶೀಲಿಸುತ್ತಾರೆ, ಅನುಭವವನ್ನೂ ಕೇಳುತ್ತಾರೆ. ದುಬೈನಲ್ಲಿ ಫಾರ್ಮಸಿಸ್ಟ್ ಆಗಲು ಪದವಿ ಬೇಕು. ಡಿ.ಫಾರ್ಮ್ ಓದಿದವರು ಸಹಾಯಕ ಹುದ್ದೆಗಳನ್ನು ನೋಡಬೇಕಾಗುತ್ತದೆ. ಗಲ್ಫ್ ಕನಸು ಇದ್ದವರು ಡಿಪ್ಲೊಮಾಕ್ಕೆ ನಿಲ್ಲಬಾರದು.

ಊರಿಗೆ ಯಾಕೆ ಬೇಕು

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ನಲ್ಲಿ ಪಲ್ಟಿಯಾದ ಮೇಲೆ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಜೋರಾಯಿತು. ಆಸ್ಪತ್ರೆ ದೂರ ಇರುವ ಊರಲ್ಲಿ ಜ್ವರ, ಬಿಪಿ, ಶುಗರ್‌ಗೆ ಜನ ಮೊದಲು ಕೇಳುವುದು ಔಷಧಿ ಅಂಗಡಿಯವರನ್ನು. ರಾತ್ರಿ ಒಂಬತ್ತಕ್ಕೆ ಅಜ್ಜಿಯ ಎರಡು ಚೀಟಿ ಹಿಡಿದು ಬಂದವರಿಗೆ, ಈ ಎರಡು ಮಾತ್ರೆ ಒಟ್ಟಿಗೆ ಬೇಡ, ಡಾಕ್ಟರಿಗೆ ಒಂದು ಸಲ ಫೋನ್ ಮಾಡಿ ಎಂದು ಹೇಳಬಲ್ಲವರು ಕೌಂಟರಿನ ಹಿಂದೆ ಇದ್ದಾರೋ ಇಲ್ಲವೋ ಎನ್ನುವುದು ಸಣ್ಣ ಮಾತಲ್ಲ.

ಆದ್ದರಿಂದ ಪಾಲಕರು ಅರ್ಜಿ ಹಾಕುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಕೇಳಬೇಕಾದ್ದು ಮೂರು. ಊರಲ್ಲಿ ಅಂಗಡಿಯೋ, ಕಂಪನಿ ಕೆಲಸವೋ, ಹೊರದೇಶವೋ? ರಸಾಯನಶಾಸ್ತ್ರ ಓದಲು ಮನಸ್ಸಿದೆಯೋ? ನಾಲ್ಕು ವರ್ಷದ ಖರ್ಚು ಎಲ್ಲಿಂದ? ಮೂರಕ್ಕೂ ಉತ್ತರ ಇದ್ದರೆ ಫಾರ್ಮಸಿ ಒಳ್ಳೆಯ ಆಯ್ಕೆ, ಅದಕ್ಕೆ ತಯಾರಿ ಪ್ರಥಮ ಪಿಯು ಪುಸ್ತಕದಿಂದ ಶುರುವಾಗಲಿ. ಉತ್ತರ ಇಲ್ಲದಿದ್ದರೆ, ನೀಟ್ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಸೇರಿಸುವುದು ಬೇಡ.