ಗೃಹಾರೋಗ್ಯ: ಒರತೆಯ ಕಣ್ಣು ಎಲ್ಲಿ?

ರಕ್ತದಲ್ಲಿ ಸಕ್ಕರೆ ಏರುವ ಮಧುಮೇಹವನ್ನು ಅರಿಯದ ಮನೆಯು ಈಗ ನಮ್ಮ ನಾಡಿನಲ್ಲಿ ಅಪರೂಪ. ಅದಕ್ಕೆ ತೀರ ವಿರುದ್ಧವಾಗಿ ಎಳೆಗೂಸುಗಳನ್ನು ಕಾಡುವ ವ್ಯಾಧಿಯೊಂದುಂಟು. ಅದರ ವಿಚಾರವನ್ನು ಈ ಸಾರಿ ವಾಚಕರ ಮುಂದಿಡಬಯಸುತ್ತೇವೆ. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಬೇಕಾದಷ್ಟೇ ಒಸರಬೇಕು. ಈ ಕೂಸುಗಳಲ್ಲಿ ಅದು ತಡೆಯಿಲ್ಲದೆ ಸುರಿದು ರಕ್ತದ ಸಕ್ಕರೆ ಬತ್ತುವುದು. ಉಪವಾಸವಿದ್ದವರ ಮಿದುಳು ಕೊಬ್ಬು ಕರಗಿ ಬರುವ ಪದಾರ್ಥದಿಂದ ಕೆಲಕಾಲ ನಿಭಾಯಿಸೀತು; ಇನ್ಸುಲಿನ್ ಆ ದಾರಿಯನ್ನೂ ಮುಚ್ಚುವುದರಿಂದ ಕೂಸಿನ ಮಿದುಳಿಗೆ ಎರಡು ಕಡೆಯಿಂದಲೂ ಆಹಾರವಿಲ್ಲ. ಹೊತ್ತು ಮೀರಿದರೆ ಜೀವ ಉಳಿದರೂ ಬುದ್ಧಿಗೆ ಶಾಶ್ವತವಾದ ಊನವಾಗಬಹುದು.

ಸಾಗರದ ಬಳಿಯ ವರದಮೂಲವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿ ಹುಟ್ಟಿದ ವರದೆಯು ಬನವಾಸಿಯನ್ನು ಬಳಸಿ ಹರಿದು ತುಂಗಭದ್ರೆಯನ್ನು ಸೇರುವಳು. ನೆಲದಿಂದ ನೀರು ಬರುವ ಬಗೆ ಎರಡೆಂದು ಮಲೆನಾಡಿನ ತೋಟಗಾರರು ಬಲ್ಲರು: ಒಂದೇ ಕಣ್ಣಿನಿಂದ ಉಕ್ಕುವ ಒರತೆ, ಇಡೀ ಗದ್ದೆಯೇ ಜಿನುಗುವ ಜೌಗು. ಈ ರೋಗವೂ ಅಂತೆಯೇ. ಕೆಲವು ಕೂಸುಗಳಲ್ಲಿ ಗ್ರಂಥಿಯೆಲ್ಲ ಕೆಟ್ಟಿರುವುದು. ಕೆಲವರಲ್ಲಿ ಅನೇಕ ವೇಳೆ ಒಂದು ಸೆಂಟಿಮೀಟರಿಗಿಂತಲೂ ಕಿರಿದಾದ ಒಂದೇ ತಾಣ. ಡಯಜಾಕ್ಸೈಡ್ ಎಂಬ ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಆ ತಾಣವೊಂದನ್ನೇ ತೆಗೆದರೆ ಮಗುವು ಸಾಮಾನ್ಯವಾಗಿ ಪೂರ್ಣ ಗುಣ ಹೊಂದುವುದು. ತಾಣ ತಿಳಿಯದೆ ಗ್ರಂಥಿಯನ್ನು ಬಹುಪಾಲು ಕತ್ತರಿಸಿದರೆ, ಇಂದು ಸಕ್ಕರೆಯ ಕೊರತೆಯಿಂದ ಬಳಲುವ ಮಗುವೇ ಮುಂದೆ ಮಧುಮೇಹಿಯಾದೀತು!

ಹಿಂದೆ ಯಕೃತ್ತಿನ ಮೂಲಕ ಸೂಕ್ಷ್ಮನಳಿಕೆಯನ್ನು ತೂರಿಸಿ, ಗ್ರಂಥಿಯ ರಕ್ತನಾಳಗಳಿಂದ ಬೇರೆಬೇರೆಯಾಗಿ ರಕ್ತ ತೆಗೆದು ಹುಡುಕುತ್ತಿದ್ದರು. ಹಸುಗೂಸಿಗೆ ಅದೆಂಥ ಪಾಡು! ಇನ್ಸುಲಿನ್ ಮಾಡುವ ಕಣಗಳು ಡೋಪಾ ಎಂಬ ಪದಾರ್ಥವನ್ನು ಹೀರಿಕೊಳ್ಳುವುವು. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಜೋಡಿಸಿ ರಕ್ತಕ್ಕೆ ಬಿಟ್ಟು, ಪೆಟ್ ಯಂತ್ರದಲ್ಲಿ ಚಿತ್ರ ತೆಗೆದರೆ ಕೆಟ್ಟ ತಾಣವು ದೀಪದಂತೆ ಎದ್ದು ಕಾಣುವುದು. ಫ್ರಾನ್ಸಿನ ಸಂಶೋಧಕರು 2005ರಲ್ಲಿಯೂ ಫಿನ್ಲೆಂಡಿನವರು 2006ರಲ್ಲಿಯೂ ಇದರ ಫಲವನ್ನು ಪ್ರಕಟಿಸಿದರು. ಆದರೆ ಈ ಫ್ಲೋರಿನ್ 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುವುದು. ಬೆಂಗಳೂರಿನಿಂದ ಸಾಗರಕ್ಕೆ ಏಳು ಗಂಟೆ ಹಿಡಿದರೆ ಹತ್ತರಲ್ಲೊಂದು ಪಾಲೂ ಉಳಿಯದು. ಆದಕಾರಣ ಔಷಧವು ಕೂಸಿನ ಬಳಿಗೆ ಬಾರದು, ಕೂಸೇ ಯಂತ್ರವಿರುವ ದೊಡ್ಡ ಊರಿಗೆ ಹೋಗಬೇಕು.

ಇನ್ನೊಂದು ಮಾತು. ಕೂಸಿಗೆ ಏನಾದರೂ ಆದರೆ ಬಾಣಂತಿಯು ಬಸುರಿನಲ್ಲಿ ತಿಂದುದನ್ನೇ ದೂರುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದೇ ತಾಣದ ರೋಗದಲ್ಲಿ ವಂಶಬೀಜದ ದೋಷವು ತಂದೆಯಿಂದ ಬಂದುದು. ಆತನಾದರೋ ಆರೋಗ್ಯವಂತನಾಗಿಯೇ ಇರುವನು. ಗ್ರಂಥಿಯೆಲ್ಲ ಕೆಟ್ಟಿರುವಲ್ಲಿ ಹೆಚ್ಚಾಗಿ ಇಬ್ಬರ ಪಾಲೂ ಉಂಟು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಇಂಥ ದೋಷಗಳೆರಡು ಕೂಡುವ ಸಂಭವ ಹೆಚ್ಚು.

ವ್ಯಾಧಿಯು ವಿರಳವೇ ಸರಿ. ಎಳೆಗೂಸಿನ ಸಕ್ಕರೆ ಇಳಿಯಲು ಬೇರೆ ಕಾರಣಗಳೂ ಅನೇಕವುಂಟು. ಆದರೆ ಕೂಸು ಮೊಲೆಯುಣ್ಣದೆ ಜೋತುಬಿದ್ದರೆ, ಕೈಕಾಲು ನಡುಗಿದರೆ, ನೀಲಿಗಟ್ಟಿದರೆ, ಸೆಳೆತ ಬಂದರೆ ದೃಷ್ಟಿಯಾಯಿತೆಂದು ನಿವಾಳಿಸುತ್ತ ಕೂರಬಾರದು. ಹಿಮ್ಮಡಿಯ ಒಂದು ಹನಿ ರಕ್ತದಿಂದ ಸಕ್ಕರೆಯ ಅಳತೆ ನಿಮಿಷದೊಳಗೆ ಸಿಕ್ಕುವುದು. ಅದು ಮರಳಿ ಮರಳಿ ಇಳಿಯುತ್ತಿದ್ದರೆ ಇನ್ಸುಲಿನ್ನಿನ ಪರೀಕ್ಷೆಯಾಗಬೇಕೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ದೂರದ ಆಸ್ಪತ್ರೆಗೆ ಹೊರಡುವಾಗ ದಾರಿಯುದ್ದಕ್ಕೂ ಗ್ಲೂಕೋಸಿನ ಡ್ರಿಪ್ಪು ನಿಲ್ಲದಂತೆ ಏರ್ಪಾಡು ಮಾಡಿಸಿಕೊಂಡೇ ಹೊರಡಿರಿ.